ತಿಂಗಳು ತುಂಬದ ಕೂಸುಗಳಿಗೆ ಧರ್ಮದ ಕಾಸು

ತಿಪಟೂರಿನ ಆ ಹೆರಿಗೆ ಆಸ್ಪತ್ರೆಗೆ ನಾನು ಮಕ್ಕಳ ಡಾಕ್ಟರಾಗಿ ಸೇರಿದಾಗ ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆಂದು ಇದ್ದದ್ದು ಒಂದು ಚಿಕ್ಕ ಕೋಣೆ, ಕೆಲವು ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬಿಸುಪಿಗೆ ಉರಿಸುವ ಬಲ್ಬು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಕೂಸಿನ ಪಕ್ಕಕ್ಕಿಡುತ್ತಿದ್ದೆವು. ಚಳಿಗೆ ಸಾಯುತ್ತಿದ್ದ ಎಷ್ಟೋ ಕೂಸುಗಳು ಅಷ್ಟರಿಂದಲೇ ಉಳಿದವು. ಆಗ ಕಣ್ಣಿಗೆ ಬಿತ್ತು ಇನ್ನೊಂದು ಕಾಟ. ಇನ್ನು ಪರವಾಗಿಲ್ಲ ಅಂದುಕೊಂಡ ಕೂಸು ಎರಡನೆಯ ವಾರದ ಹೊತ್ತಿಗೆ ಹಾಲು ಅರಗದೆ ಹೊಟ್ಟೆ ಉಬ್ಬರಿಸಿಕೊಳ್ಳುತ್ತಿತ್ತು. ಹಸಿರು ವಾಂತಿ, ಮಲದಲ್ಲಿ ರಕ್ತ, ನೋಡನೋಡುತ್ತಿದ್ದಂತೆ ಮುಗಿದುಹೋಗುತ್ತಿತ್ತು. ಕರುಳು ಒಳಗೊಳಗೇ ಕೊಳೆಯುವ ಕಾಯಿಲೆ ಅದು. ಯಾಕೆ ಬರುತ್ತದೆಂದು ಆ ಕಾಲಕ್ಕೆ, ಅಂದರೆ ಎಂಬತ್ತರ ದಶಕದ ಶುರುವಿನಲ್ಲಿ, ಖಚಿತವಾಗಿ ಹೇಳಬಲ್ಲವರನ್ನು ನಾನು ಕಂಡಿರಲಿಲ್ಲ.

ಹಾಲು ಬೇಗ ಕೊಟ್ಟದ್ದಕ್ಕೇ ಹೀಗಾಗುತ್ತದೆ ಎನ್ನುವ ಡಾಕ್ಟರುಗಳು ಹೆಚ್ಚು. ಹುಟ್ಟಿದ ಮೇಲೆ ಕೆಲವು ದಿನ ಬಾಯಿಗೇನೂ ಹಾಕದೆ ಬರೀ ಡ್ರಿಪ್ಪಿನ ಮೇಲಿಡಿ ಅನ್ನುತ್ತಿದ್ದರು. ನನಗೆ ಬೆಂಗಳೂರಿನಲ್ಲಿ ಪಾಠ ಹೇಳಿದ್ದ ಪ್ರೊಫೆಸರ್ ಮೇಡಂಗೆ ಇದರ ಮೇಲೆ ಅನುಮಾನ. ಹಸಿದು ಬಿದ್ದಿರುವ ಕರುಳು ಇನ್ನಷ್ಟು ಸೊರಗುವುದಿಲ್ಲವೆ? ಮೊದಲ ದಿನದಿಂದಲೇ ತಾಯಿಯ ಹಾಲನ್ನು ಹನಿ ಹನಿಯಾಗಿ ನಳಿಕೆಯಲ್ಲಿ ಬಿಟ್ಟರೆ? ಅವರಿಗೂ ಉತ್ತರ ಗೊತ್ತಿರಲಿಲ್ಲ. ತಿಳಿಯಬೇಕಾದರೆ ಇರುವುದು ಒಂದೇ ದಾರಿ. ತಾಯಿ ಒಪ್ಪಿದರೆ ಡಬ್ಬದಿಂದ ಒಂದು ಚೀಟಿ ಎತ್ತಿಸುವುದು. ‘ಹನಿ’ ಎಂದು ಬಂದರೆ ಆ ಕೂಸಿಗೆ ಕೂಡಲೇ ಹಾಲಿನ ಹನಿ. ‘ತಡ’ ಎಂದು ಬಂದರೆ ಕೆಲವು ದಿನ ಡ್ರಿಪ್, ಆಮೇಲೆ ಹಾಲು. ಉಳಿದ ಆರೈಕೆಯೆಲ್ಲ ಎರಡೂ ಕಡೆಯ ಕೂಸುಗಳಿಗೆ ಒಂದೇ. ಸಾಕಷ್ಟು ಕೂಸುಗಳನ್ನು ಹೀಗೆ ನೋಡಿಕೊಂಡ ಮೇಲೆ ಕೊನೆಯಲ್ಲಿ ಹೋಲಿಸುವುದು. ನಡುವೆ ಲೆಕ್ಕ ನೋಡುವವರು ಹೊರಗಿನ ಒಬ್ಬ ಹಿರಿಯ ಡಾಕ್ಟರು ಮಾತ್ರ. ಡಾಕ್ಟರ ಇಷ್ಟಕ್ಕೆ ಬಿಟ್ಟರೆ ಗಟ್ಟಿ ಕೂಸುಗಳು ಒಂದು ಕಡೆ, ನಿತ್ರಾಣದವು ಇನ್ನೊಂದು ಕಡೆ ಸೇರಿಬಿಡುತ್ತವೆ, ಅದಕ್ಕೇ ಚೀಟಿ.

ಇದಕ್ಕೆ ಹಣ ಬೇಕಿತ್ತು. ಬೆಂಗಳೂರಿನಲ್ಲಿ ಒಬ್ಬ ಲ್ಯಾಬ್ ಟೆಕ್ನಿಷಿಯನ್‌ಗೆ ಸಂಬಳ, ಮಲ ಮತ್ತು ರಕ್ತದಲ್ಲಿ ಕ್ರಿಮಿ ಬೆಳೆಸಿ ನೋಡುವ ಸಾಮಾನು, ನಮ್ಮಲ್ಲಿ ಒಂದು ಫ್ರಿಜ್ಜು, ಎಕ್ಸ್‌ರೇ ಫಿಲಂ. ಮೇಡಂ ಸರ್ಕಾರಕ್ಕೆ ಬರೆದಿದ್ದರು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಿಟ್ಟರೆ ಬೇರೇನೂ ಬರಲಿಲ್ಲ. ‘ನಮ್ಮ ಊರಲ್ಲಿ ಕೇಳ್ತೀನಿ ಮೇಡಂ’ ಎಂದು ನಾನೇ ಮುಂದೆ ಬಿದ್ದೆ. ನಾನು ನೊಣವಿನಕೆರೆ ಕಡೆಯ ತೆಂಗಿನ ತೋಟದ ಮನೆಯವಳು. ಧರ್ಮಕ್ಕೆ ಕೊಡುವುದರಲ್ಲಿ ನಮ್ಮವರ ಕೈ ಸಣ್ಣದಲ್ಲ ಎಂಬ ನಂಬಿಕೆ ಇತ್ತು.

ಆಸ್ಪತ್ರೆ ನಡೆಸುತ್ತಿದ್ದ ಟ್ರಸ್ಟಿಗೆ ಅಧ್ಯಕ್ಷರಾಗಿದ್ದವರು ಊರಿನ ದೊಡ್ಡ ಕೊಬ್ಬರಿ ಮಂಡಿಯೊಂದರ ಮಾಲೀಕರು. ಎಲ್ಲರೂ ಅವರನ್ನು ಯಜಮಾನರು ಅನ್ನುತ್ತಿದ್ದರು. ಮಂಡಿಯಲ್ಲಿ ಬಿಳಿ ಹಾಸಿನ ಗಾದಿಯ ಮೇಲೆ ಕೂತಿದ್ದವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

‘ಔಷಧಿಗೆ ಕೇಳಿ, ಕೊಡ್ತೀನಿ. ಕಟ್ಟಡಕ್ಕೆ ಕೇಳಿ, ಕೊಡ್ತೀನಿ. ಇದೇನ್ ಡಾಕ್ಟ್ರಮ್ಮ, ತಿಳ್ಕಳಾಕೆ ದುಡ್ಡಾ?’

‘ಹೌದು ಯಜಮಾನ್ರೇ. ತಿಳ್ಕೊಳ್ಳೋದಕ್ಕೇ.’

ಅವರು ನಕ್ಕರು. ‘ಆಗ್ಲಿ ಬುಡಿ. ಧರ್ಮದ ಬಾಬ್ತು ಐತಲ್ಲ, ಅದರಾಗೆ ಕೊಡಿಸ್ತೀನಿ.’

ಕೊಬ್ಬರಿ ಮಾರಲು ಬಂದ ರೈತನಿಗೆ ಲೆಕ್ಕ ತೀರಿಸುವಾಗ ಧರ್ಮಕ್ಕೆಂದು ಒಂದಿಷ್ಟು ಕಾಸು ಹಿಡಿದುಕೊಳ್ಳುವುದು ಮಂಡಿಗಳ ಹಳೆಯ ರೂಢಿ. ಛತ್ರಕ್ಕೋ, ಅರವಟ್ಟಿಗೆಗೋ, ದಾಸೋಹಕ್ಕೋ ಹೋಗುತ್ತಿದ್ದ ಆ ಹಣ ಕೂಸುಗಳ ಕಡೆ ತಿರುಗಿತು. ಸಂತೋಷದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಡಂ ಅದೇ ವಾರ ಟೆಕ್ನಿಷಿಯನ್‌ನನ್ನು ನೇಮಿಸಿಕೊಂಡರು.

ಮುಂದಿನ ಕೊಬ್ಬರಿ ಹರಾಜಿನ ದಿನ ಯಜಮಾನರು ಮಾರ್ಕೆಟ್ ಅಂಗಳದಲ್ಲಿ ಮೈಕ್ ಹಿಡಿದು ಹೇಳಿದರು: ‘ಇನ್ಮೇಲೆ ನಮ್ಮ ಆಸ್ಪತ್ರೇಲಿ ತಿಂಗಳು ತುಂಬದ ಕೂಸು ಸಾಯಾಕಿಲ್ಲ! ನಿಮ್ಮ ಧರ್ಮದ ಕಾಸಿನಾಗೆ ಹೊಸ ಚಿಕಿತ್ಸೆ ಬತ್ತಾ ಐತೆ!’

ಜನ ಚಪ್ಪಾಳೆ ಹೊಡೆದರು. ನಾನು ಓಡಿ ಮುಂದೆ ಹೋದೆ. ಮೈಕ್ ಇಸಕೊಂಡು, ಇದು ಹೊಸ ಚಿಕಿತ್ಸೆಯಲ್ಲ, ಯಾವ ಆರೈಕೆ ಒಳ್ಳೆಯದೆಂದು ಕಂಡುಕೊಳ್ಳುವ ಕೆಲಸ, ಉತ್ತರ ಸಿಗದೆಯೂ ಹೋಗಬಹುದು ಎಂದೆ. ಅಷ್ಟರಲ್ಲಿ ಹರಾಜಿನ ಕೂಗು ಶುರುವಾಗಿತ್ತು. ಹತ್ತಿರ ನಿಂತಿದ್ದ ಒಬ್ಬರು, ‘ಎಂಥಾ ವಿನಯ ನೋಡಿ ಡಾಕ್ಟ್ರಮ್ಮಂದು’ ಎಂದರು.

ಅಲ್ಲಿಂದ ನಾನು ಸಿಕ್ಕಿಕೊಂಡೆ. ಬಿಳಿಗೆರೆಯಿಂದ, ತುರುವೇಕೆರೆಯಿಂದ, ಹುಳಿಯಾರಿನ ಆಚೆಯಿಂದ ಕೂಸುಗಳು ಬರತೊಡಗಿದವು. ಒಬ್ಬ ಅಜ್ಜಿ ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಿ, ಅರಳೆ ಹಾಸಿದ ಮೊರದಲ್ಲಿ ಮೊಮ್ಮಗನನ್ನು ಮಲಗಿಸಿಕೊಂಡು ಬಂದರು. ‘ನಮ್ಮ ಕಾಸೂ ಐತೆ ಕಣವ್ವ ಇದರಾಗೆ. ಉಳ್ಸಿಕೊಡು’ ಎಂದರು. ಪ್ರತಿ ಹಾಸಿಗೆಯ ಬಳಿಯೂ ನಾನು ಅದೇ ಮಾತು ಹೇಳುತ್ತಿದ್ದೆ: ಎರಡರಲ್ಲಿ ಯಾವುದು ಒಳ್ಳೆಯದೋ ನನಗೆ ಗೊತ್ತಿಲ್ಲ, ಚೀಟಿ ಬೇಡವೆಂದರೂ ನಮ್ಮ ಆರೈಕೆ ತಪ್ಪುವುದಿಲ್ಲ. ಅವರು ತಲೆ ಆಡಿಸಿ, ‘ಎಲ್ಲಾ ನಿಮ್ಮ ಕೈಗುಣ’ ಅನ್ನುತ್ತಿದ್ದರು. ಒಂದೊಂದು ಕೂಸು ಸತ್ತಾಗಲೂ ಹೊತ್ತುಕೊಂಡು ಹೋಗುವವರು ನನ್ನ ಮುಖ ನೋಡುತ್ತಿದ್ದ ರೀತಿ ಬೇರೆಯಾಗಿತ್ತು. ಅವರಿಗೆ ಮಾತು ಕೊಟ್ಟಿದ್ದವರು ಯಜಮಾನರು, ಆದರೆ ಬಾಗಿಲಲ್ಲಿ ನಿಂತಿರುತ್ತಿದ್ದವಳು ನಾನು.

ಬಿಟ್ಟು ಹೋಗುವಂತಿರಲಿಲ್ಲ. ಹಣ ಬಂದಿತ್ತು, ಕೆಲಸ ಹಿಡಿದಿತ್ತು. ನಾನಿದ್ದದ್ದು ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ. ಗೇಟಿನ ಎದುರಿಗೇ ಯಜಮಾನರ ದೊಡ್ಡ ಮನೆ. ಬೆಳಿಗ್ಗೆ ಬಾಗಿಲು ತೆಗೆದರೆ ಅವರ ಜಗಲಿಯಿಂದ, ‘ಹೆಂಗೈತೆ ನಮ್ಮ ಸಂಶೋದನೆ?’ ಎಂಬ ಕೂಗು. ನೋಡಲು ಬಂದವರಿಗೆ ತೋರಿಸುವಂಥದ್ದು ಏನೂ ಇಲ್ಲವೆಂಬುದು ಅವರ ಕೊರಗು. ದಾನಿಗಳ ಹೆಸರು ಬರೆಸಿ, ಮರದವುಗಳ ಬದಲು ಗಾಜಿನ ಪೆಟ್ಟಿಗೆಗಳನ್ನು ತರಿಸೋಣ ಎಂದು ಆಗಾಗ ಹೇಳುತ್ತಿದ್ದರು. ನಾನು ಮಾತು ಮರೆಸುತ್ತಿದ್ದೆ.

ಕೋಣೆಯ ಕೆಲಸ ಮಾತ್ರ ಗಡಿಯಾರದಂತೆ ಸಾಗಿತು. ಪ್ರತಿ ಸಲ ಹಾಲು ಬಿಡುವ ಮೊದಲು ನಳಿಕೆಯಿಂದ ಸಿರಿಂಜಿನಲ್ಲಿ ಹಿಂದಕ್ಕೆಳೆದು, ಹೊಟ್ಟೆಯಲ್ಲಿ ಹಳೆಯದು ಉಳಿದಿದೆಯೇ ನೋಡಬೇಕು. ಬೆಳ್ಳಗೆ ಸ್ವಲ್ಪ ಬಂದರೆ ಸರಿ, ಹಸಿರು ಬಂದರೆ ನಿಲ್ಲಿಸಬೇಕು. ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ತೆಗೆಯಬೇಕು. ಮಲದ ಮಾದರಿಯನ್ನು ಐಸ್‌ಕ್ಯಾಂಡಿ ಕಾರ್ಖಾನೆಯಿಂದ ತಂದ ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ರೈಲಿನಲ್ಲಿ ಬೆಂಗಳೂರಿಗೆ ಕಳಿಸಬೇಕು. ಕೋಣೆಯ ಹಿರಿಯ ಸಿಸ್ಟರ್ ಇದಿಷ್ಟನ್ನೂ ಬೇಸರವಿಲ್ಲದೆ ಮಾಡುತ್ತಿದ್ದರು.

ಹೀಗಿರುವಾಗ ಯಜಮಾನರ ಸೊಸೆಗೆ ಏಳನೇ ತಿಂಗಳು ಮುಗಿಯುತ್ತಲೇ ನೋವು ಕಾಣಿಸಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಅಂಗೈಗಿಂತ ಸ್ವಲ್ಪ ದೊಡ್ಡದು. ಅತ್ತ ಸದ್ದು ಬೆಕ್ಕಿನ ಮರಿಯದರಂತಿತ್ತು.

ಯಜಮಾನರು ಕೋಣೆಯ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿಕೊಂಡರು. ‘ಯಾವುದು ಒಳ್ಳೇ ಚೀಟಿಯೋ ಅದನ್ನ ಹಾಕ್ಬುಡಿ.’

‘ಒಳ್ಳೇದು ಯಾವುದು ಅಂತ ಗೊತ್ತಿದ್ದಿದ್ರೆ ಚೀಟಿನೇ ಬೇಕಿರಲಿಲ್ಲ ಯಜಮಾನ್ರೇ.’

‘ಜನಕ್ಕೆ ಹಂಗಂತೀರಿ, ಸರಿ. ನನ್ ತಾವೂ ಹಂಗೇ ಅನ್ಬ್ಯಾಡಿ. ನಿಮ್ಮ ಮನಸಿಗೆ ಒಂದು ಇರ್ತೈತಲ್ಲ?’

‘ಇಲ್ಲ.’

ಅವರ ಮುಖ ಕೆಂಪಾಯಿತು. ‘ನಾನು ಕೊಡ್ಸಿದ ದುಡ್ಡಿನಾಗೆ ನಡಿಯಾದು. ನನ್ ಮೊಮ್ಮಗಳಿಗೂ ಲಾಟರಿನಾ? ಹಂಗಾರೆ ಚೀಟಿನೂ ಬ್ಯಾಡ, ಎಂತದೂ ಬ್ಯಾಡ. ನಿಮಗೆ ಚೆಂದ ಕಂಡಂಗೆ ನೋಡ್ಕಳಿ. ಆದ್ರೆ ಕೂಸಿಗೆ ಏನಾರ ಆದ್ರೆ ಈ ಬಾಬ್ತು ಇಲ್ಲಿಗೇ ಮುಗೀತು.’

ಅಷ್ಟು ಹೇಳಿ ಹೊರಟುಹೋದರು. ಸಿಸ್ಟರ್ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: ‘ಅವರ ಮನೆ ಕೂಸಿಗೆ ಚೀಟಿ ಇಲ್ಲ ಅಂತಾದ್ರೆ, ನಾಳೆ ಇನ್ನೊಬ್ಬ ತಾಯಿ ಮುಂದೆ ಹೋಗಿ ನಾನು ಹೆಂಗೆ ಡಬ್ಬ ಹಿಡೀಲಿ ಡಾಕ್ಟ್ರೇ?’

ವಾರ್ಡಿನ ತಾಯಂದಿರೆಲ್ಲ ಕೇಳಿಸಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ಕೂಲಿಯವರು, ಕುರಿ ಸಾಕುವ ಹಟ್ಟಿಗಳವರು. ಉಳ್ಳವರ ಕೂಸು ಡಾಕ್ಟರ ಇಷ್ಟದಂತೆ, ಇಲ್ಲದವರ ಕೂಸು ಚೀಟಿಯಂತೆ ಎಂದಾದರೆ ಅದಕ್ಕೆ ಸಂಶೋಧನೆ ಎಂಬ ಹೆಸರು ಸಲ್ಲುವುದಿಲ್ಲ. ಆದರೆ ಬೇಡ ಅನ್ನುವ ಹಕ್ಕು ಎಲ್ಲರಿಗೂ ಇತ್ತು. ಆ ಹಕ್ಕನ್ನು ಯಜಮಾನರ ಮನೆಯವರಿಗೆ ಮಾತ್ರ ಇಲ್ಲವೆನ್ನಲು ನಾನ್ಯಾರು? ಯಾವ ಕಡೆ ತಿರುಗಿದರೂ ಗೋಡೆ. ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಹೊಳೆಯಿತು: ಬೇಕು ಬೇಡ ಎಂದದ್ದು ಮಾವ. ತಾಯಿಯನ್ನು ಇನ್ನೂ ಯಾರೂ ಕೇಳಿಯೇ ಇಲ್ಲ. ಬೇರೆ ಎಲ್ಲ ಕೂಸುಗಳ ವಿಷಯದಲ್ಲೂ ತಾಯಿಯನ್ನೇ ಕೇಳುತ್ತಿದ್ದ ನಾನು ಇಲ್ಲೂ ಅದನ್ನೇ ಮಾಡಬೇಕು. ಅವಳು ಏನು ಹೇಳಿದರೂ ಅದೇ ಕೊನೆ.

ಆ ಹುಡುಗಿ ತುರುವೇಕೆರೆ ಕಡೆಯವಳು. ಹೆರಿಗೆಯ ಸುಸ್ತಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಲ್ಲರಿಗೂ ಹೇಳುವುದನ್ನು ಅವಳಿಗೂ ಹೇಳಿದೆ. ಬೇಡವೆಂದರೆ ನನಗೆ ಬೇಸರವಿಲ್ಲ ಎಂದೂ ಸೇರಿಸಿದೆ.

‘ನಿಮಗೆ ನಿಜವಾಗ್ಲೂ ಗೊತ್ತಿಲ್ವಾ ಡಾಕ್ಟ್ರೇ?’

‘ನಿಜವಾಗ್ಲೂ ಗೊತ್ತಿಲ್ಲ ಕಣಮ್ಮ.’

ಅವಳು ಪಕ್ಕದ ಮಂಚದ ಕಡೆ ತಿರುಗಿದಳು. ಅಲ್ಲಿದ್ದವಳು ಹುಳಿಯಾರಿನ ಆಚೆಯ ಒಂದು ಹಟ್ಟಿಯ ಹೆಂಗಸು. ಕೆಲವು ದಿನಗಳ ಹಿಂದೆ ಅವಳಿಗೆ ಗಂಡು ಕೂಸು ಹುಟ್ಟಿತ್ತು.

‘ನಿಂದು ಯಾವ್ದು ಬಂತಕ್ಕಾ?’

‘ಹನಿ.’

‘ಹೆದ್ರಿಕೆ ಆಗ್ಲಿಲ್ವಾ?’

‘ಆಯ್ತು ಕಣವ್ವ. ಏನ್ ಮಾಡಾದು. ಎಲ್ರ ಕೂಸಿಗೂ ಒಂದೇ ಡಬ್ಬ ಅಂದ್ರು, ಎತ್ತಿದೆ.’

ಸೊಸೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಆಮೇಲೆ, ‘ಡಬ್ಬ ತನ್ನಿ. ಮಾವಂಗೆ ನಾನೇ ಹೇಳ್ತೀನಿ’ ಎಂದಳು. ಅವಳಿಗೆ ಬಂದದ್ದು ‘ತಡ’.

ಯಜಮಾನರು ನನ್ನೊಡನೆ ಮಾತು ಬಿಟ್ಟರು. ಜಗಲಿಯ ಮೇಲಿಂದ ಕೂಗೂ ಇಲ್ಲ. ಅವರ ಮೊಮ್ಮಗಳು ತಲೆಯ ನರಕ್ಕೆ ಚುಚ್ಚಿದ ಸೂಜಿಯೊಡನೆ ಬಲ್ಬಿನ ಬೆಳಕಿನಲ್ಲಿ ಮಲಗಿರುತ್ತಿತ್ತು. ಪ್ರತಿ ಬಾರಿಯೂ ಅದರ ಹೊಟ್ಟೆಯನ್ನು ಎರಡೆರಡು ಸಲ ಅಳೆಯುತ್ತಿದ್ದೆ. ಕೂಸು ಗಟ್ಟಿ. ಹಾಲು ಶುರುವಾಯಿತು, ಅರಗಿತು, ತೂಕ ಏರಿತು.

ಕೆಟ್ಟದ್ದು ಪಕ್ಕದ ಪೆಟ್ಟಿಗೆಯಲ್ಲಿ ಶುರುವಾಯಿತು. ಒಂದು ಬೆಳಿಗ್ಗೆ ಹಟ್ಟಿಯ ಹೆಂಗಸಿನ ಕೂಸಿನ ನಳಿಕೆಯಿಂದ ಸಿಸ್ಟರ್ ಎಳೆದ ಸಿರಿಂಜಿನಲ್ಲಿ ಹಸಿರು ಬಂತು. ಹಾಲು ನಿಲ್ಲಿಸಿದೆವು. ಕೂಸನ್ನು ಅರಳೆಯಲ್ಲಿ ಸುತ್ತಿ ನಾನೇ ಎಕ್ಸ್‌ರೇ ಕೋಣೆಗೆ ಎತ್ತಿಕೊಂಡು ಹೋದೆ. ಒದ್ದೆ ಫಿಲಂ ಬೆಳಕಿಗೆ ಹಿಡಿದಾಗ ಕರುಳಿನ ಗೋಡೆಯೊಳಗೆ ಸಾಲು ಗಾಳಿಗುಳ್ಳೆ ಕಂಡವು, ಅದೇ ಕಾಯಿಲೆ. ಡ್ರಿಪ್, ಎರಡು ಬಗೆಯ ಆಂಟಿಬಯಾಟಿಕ್, ತಂದೆಯ ರಕ್ತ ಹೊಂದಿತೆಂದು ಅದನ್ನೂ ಕೊಟ್ಟೆವು. ಮೇಡಂಗೆ ಟ್ರಂಕ್ ಕಾಲ್ ಮಾಡಿದೆ. ಬೆಂಗಳೂರಿನವರೆಗೆ ತಡೆದೀತೆ ಎಂದು ಕೇಳಿದರು. ತಡೆಯುವ ಹಾಗಿರಲಿಲ್ಲ. ಮರುದಿನ ಮಧ್ಯಾಹ್ನ ಕೂಸು ಹೋಯಿತು.

ತಾಯಿ ಅಳಲಿಲ್ಲ. ಎದೆಯ ಮೇಲೆ ಸೀರೆ ಒದ್ದೆಯಾಗಿತ್ತು, ಹಾಲು ಇನ್ನೂ ಸೋರುತ್ತಿತ್ತು. ಅದನ್ನು ಕೈಯಲ್ಲಿ ಮುಚ್ಚಿಕೊಂಡು ಕೇಳಿದಳು: ‘ನನ್ ಹಾಲು ಕೆಟ್ಟಿತ್ತಾ ಡಾಕ್ಟ್ರವ್ವ?’

ಇಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಆ ಪ್ರಶ್ನೆಗೇ ಅಲ್ಲವೆ ಇಷ್ಟೆಲ್ಲ ನಡೆಯುತ್ತಿದ್ದದ್ದು! ‘ನನಗೆ ಹಂಗನ್ನಿಸಲ್ಲಮ್ಮ. ಆದ್ರೆ ಇದು ಯಾತಕ್ಕೆ ಬಂತು ಅಂತ ಗೊತ್ತಿಲ್ಲ’ ಎಂದೆ. ಅವಳಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರವೆಂದು ಅವಳ ಕಣ್ಣು ನೋಡಿದಾಗಲೇ ತಿಳಿಯಿತು. ಗಂಡ ಕೂಸನ್ನು ಕಂಬಳಿಯ ಮಡಿಲಲ್ಲಿಟ್ಟುಕೊಂಡ. ಬಸ್‌ಸ್ಟ್ಯಾಂಡಿನ ಕಡೆ ಅವರಿಬ್ಬರೂ ನಡೆದುಹೋದರು.

ಯಜಮಾನರು ಮೊಮ್ಮಗಳನ್ನು ಮನೆಗೆ ಕರೆದುಕೊಂಡು ಹೋಗುವ ದಿನ ಮತ್ತೆ ಮಾತಾಡಿದರು. ಕೋಪ ಇರಲಿಲ್ಲ, ಗೆಲುವಿತ್ತು.

‘ನೋಡಿ ಡಾಕ್ಟ್ರಮ್ಮ, ತಡದಾಗೆ ನಮ್ ಕೂಸು ಉಳೀತು. ಹನಿಯಾಗೆ ಆ ಕೂಸು ಹೋಯ್ತು. ಪಾಪ. ಇನ್ನೇನ್ ತಿಳ್ಕಳಾದೈತೆ? ಚೀಟಿ ಸಾಕು. ಎಲ್ರಿಗೂ ತಡಾನೇ ಮಾಡಿ. ಉಳಿದ ದುಡ್ಡಿಗೆ ಗಾಜಿನ ಪೆಟ್ಟಿಗೆ ತರಾಣ. ಹರಾಜಿನ ದಿನ ಮೀಟಿಂಗ್ ಕರ್ದಿದೀನಿ, ಬನ್ನಿ.’

ಅವರ ಮಾತು ನನ್ನ ಒಳಗೂ ನಾಟಿತ್ತು ಎಂಬುದೇ ನನ್ನ ಸಂಕಟ. ಆಮೇಲೆ ‘ಹನಿ’ ಬಂದ ಕೂಸುಗಳಿಗೆ ಹಾಲು ಬಿಡುವಾಗ ಕೈ ತಡೆಯುತ್ತಿತ್ತು. ಮೇಡಂಗೆ ಫೋನಿನಲ್ಲಿ ಹೇಳಿಕೊಂಡೆ. ಅವರು ಹೇಳಿದರು: ‘ನಿನಗೂ ನನಗೂ ಮಧ್ಯದಲ್ಲಿ ಲೆಕ್ಕ ನೋಡುವ ಹಕ್ಕಿಲ್ಲ. ಅದನ್ನ ನೋಡೋದಕ್ಕೆ ಅಂತಲೇ ಹೊರಗಿನ ಹಿರಿಯ ಡಾಕ್ಟರು ಒಬ್ಬರಿದ್ದಾರಲ್ಲ. ಒಂದು ಕಡೆ ಹೆಚ್ಚು ಸಾಯ್ತಿದ್ರೆ ಅವರು ಆಗಲೇ ನಿಲ್ಲಿಸ್ತಿದ್ದರು. ಈ ಕೂಸು ಹೋದ ಮೇಲೂ ನೋಡಿದ್ದಾರೆ. ನಿಲ್ಲಿಸಿ ಅಂದಿಲ್ಲ.’ ಅದೊಂದನ್ನೇ ಹಿಡಿದುಕೊಂಡು ಮೀಟಿಂಗಿಗೆ ಹೋದೆ.

ವರ್ತಕರ ಸಭಾಂಗಣದಲ್ಲಿ ಮಂಡಿ ಮಾಲೀಕರು ಕುರ್ಚಿಗಳಲ್ಲಿ ಕೂತಿದ್ದರು. ಹರಾಜಿಗೆ ಬಂದಿದ್ದ ರೈತರು ಬಾಗಿಲಲ್ಲಿ, ಕಿಟಕಿಗಳಲ್ಲಿ ತುಂಬಿದ್ದರು. ಯಜಮಾನರು ಎರಡು ಕೂಸುಗಳ ಕತೆ ಹೇಳಿ ಕೂತರು. ಈ ಬಾರಿ ನನ್ನ ಮಾತಿಗೆ ಅಡ್ಡ ಬರುವ ಹರಾಜಿನ ಕೂಗು ಇರಲಿಲ್ಲ.

‘ಇದರಿಂದ ಕೂಸು ಉಳಿಯುತ್ತೆ ಅಂತ ನಂಬಿ ಕೊಟ್ಟವರು ಇದ್ದರೆ ನಿಮ್ಮ ಹಣ ವಾಪಸ್ ತಗೊಳ್ಳಿ’ ಎಂದು ಶುರುಮಾಡಿದೆ. ಗುಜುಗುಜು ಎದ್ದಿತು. ‘ನೀವೆಲ್ಲ ಕಾಯಿ ಅಟ್ಟಕ್ಕೆ ಹಾಕೋರು. ಕೊಬ್ಬರಿ ಆಗೋದಕ್ಕೆ ವರ್ಷದ ಹತ್ತಿರ ಕಾಯ್ತೀರಿ. ನಡುವೆ ಒಂದು ಕಾಯಿ ಒಡೆದು ನೋಡಿದಿರಿ, ಕೊಳೆತಿತ್ತು. ಇನ್ನೊಂದು ಒಡೆದಿರಿ, ಚೆನ್ನಾಗಿತ್ತು. ಅಷ್ಟಕ್ಕೇ ಈ ಅಟ್ಟ ಕೆಟ್ಟದ್ದು, ಆ ಅಟ್ಟ ಒಳ್ಳೇದು ಅಂತೀರಾ? ಈಗ ನಿಲ್ಲಿಸಿದ್ರೆ, ಗೊತ್ತಿಲ್ಲದ್ದನ್ನ ಗೊತ್ತಿದೆ ಅಂದ್ಕೊಂಡು ಮುಂದೆ ಹುಟ್ಟೋ ಕೂಸುಗಳನ್ನೆಲ್ಲ ಹಸಿವಲ್ಲಿ ಇಡ್ತೀವಿ. ತಡವೇ ತಪ್ಪಾಗಿದ್ರೆ?’

ಬಾಗಿಲಲ್ಲಿದ್ದ ಬಿಳಿಗೆರೆಯ ಒಬ್ಬ ಹಿರಿಯರು ಕೇಳಿದರು: ‘ಹನಿನೇ ತಪ್ಪಾಗಿದ್ರೆ?’

‘ಅದೂ ಆಗಬಹುದು. ಅದಕ್ಕೇ ಹೊರಗಿನ ಒಬ್ಬ ದೊಡ್ಡ ಡಾಕ್ಟರು ಲೆಕ್ಕ ನೋಡ್ತಾ ಇದ್ದಾರೆ. ಅವರು ನಿಲ್ಲಿಸು ಅಂದ ಕ್ಷಣ ನಿಲ್ಲಿಸ್ತೀನಿ.’

‘ಇನ್ನೂ ಕೂಸು ಹೋಗ್ತಾವಾ?’

‘ಹೋಗ್ತವೆ ಅಜ್ಜ. ಚೀಟಿ ಇದ್ರೂ ಹೋಗ್ತವೆ, ಇಲ್ಲದಿದ್ರೂ ಹೋಗ್ತವೆ. ಯಾಕೆ ಅಂತ ತಿಳ್ಕೊಂಡರೆ ಕಡಿಮೆ ಮಾಡಬಹುದು.’

ಯಜಮಾನರು ಎದ್ದರು. ‘ಹಂಗಾರೆ ಬಾಬ್ತು ನಿಲ್ಸಾದೇ ಮೇಲು. ಎಲ್ಲಾರೂ ಏನಂತೀರಿ?’

ಆಗ ಆ ಹಿರಿಯರೇ, ಜೋರೇನೂ ಇಲ್ಲದ ದನಿಯಲ್ಲಿ, ‘ಯಜಮಾನ್ರೇ, ಧರ್ಮದ ಕಾಸು ನಮ್ ಕೊಬ್ರಿಯಾಗೆ ಹಿಡಿದಿದ್ದು ಕಣ್ರೀ. ನಮ್ಮನ್ನೂ ಒಂದ್ ಮಾತು ಕೇಳಿ’ ಎಂದರು. ‘ನಮ್ ಮನೇಲಿ ಎಲ್ಡು ಕೂಸು ಹಿಂಗೇ ಹೋದೋ. ಯಾಕೆ ಅಂತ ಇವತ್ತಿಗೂ ಒಬ್ರೂ ಹೇಳ್ನಿಲ್ಲ. ಈಯಮ್ಮ ಗೊತ್ತಿಲ್ಲ ಅಂತಾರೆ, ತಿಳ್ಕತೀನಿ ಅಂತಾರೆ. ನನ್ ಕೊಬ್ರಿ ಲಾಟಿನ ಕಾಸು ಅಲ್ಲೇ ಇರ್ಲಿ.’

ಕಿಟಕಿಗಳಲ್ಲಿ ಕೆಲವರು ಹೂಂ ಎಂದರು, ಕೆಲವರು ವಾಪಸ್ ಬೇಕೆಂದರು. ವರ್ತಕರು ಪಿಸುಗುಟ್ಟಿಕೊಂಡು, ಒಪ್ಪಿದ ರೈತರ ಲಾಟಿನಿಂದ ಮಾತ್ರ ಹಿಡಿದು ಕೊಡುವುದೆಂದು ತೀರ್ಮಾನಿಸಿದರು. ಯಜಮಾನರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ‘ಆಗ್ಲಿ. ನನ್ ಹೆಸರು ಬ್ಯಾಡ’ ಎಂದು ಹೊರನಡೆದರು.

ಬಂದದ್ದು ಮೊದಲಿನ ಅರ್ಧವೂ ಅಲ್ಲ. ಟೆಕ್ನಿಷಿಯನ್ ಅರ್ಧ ದಿನದ ಕೆಲಸಕ್ಕೆ ಒಪ್ಪಿಕೊಂಡ. ರೈಲಿನಲ್ಲಿ ಐಸಿನ ಫ್ಲಾಸ್ಕು ಹಿಡಿದು ಎಷ್ಟೋ ಭಾನುವಾರ ನಾನೇ ಹೋದೆ. ಸಿಸ್ಟರ್ ಡಬ್ಬ ಹಿಡಿದು ಹೋದಾಗ ಬೇಡ ಅನ್ನುವವರು ಹೆಚ್ಚಾದರು. ಒಪ್ಪಿದವರು ಕೇಳಿ ತಿಳಿದು ಒಪ್ಪಿದರು. ಮುಗಿಯುವ ಹೊತ್ತಿಗೆ ಮೇಡಂ ಅಂದಾಜಿಸಿದ್ದಕ್ಕಿಂತ ಬಹಳ ಕಾಲ ಹಿಡಿದಿತ್ತು. ಆ ಕಾಲವಷ್ಟೂ ಎದುರಿನ ಜಗಲಿ ನನ್ನನ್ನು ನೋಡುತ್ತಿತ್ತು, ನಾನು ತಲೆ ತಗ್ಗಿಸಿ ದಾಟುತ್ತಿದ್ದೆ.

ಕೊನೆಗೆ ಮೇಡಂ ತಮ್ಮ ಕೋಣೆಯಲ್ಲಿ ನನ್ನನ್ನು ಕೂರಿಸಿಕೊಂಡು ಫಲಿತಾಂಶ ಓದಿದರು. ಕಾಯಿಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಬಂದಿತ್ತು. ತಡ ಮಾಡಿದ್ದು ಯಾವ ಕೂಸನ್ನೂ ಕಾದಿರಲಿಲ್ಲ. ಹನಿ ಸಿಕ್ಕ ಕೂಸುಗಳು ಪೆಟ್ಟಿಗೆಯಿಂದ ಬೇಗ ಹೊರಬಂದಿದ್ದವು, ಅಷ್ಟೆ. ಕಾಯಿಲೆಯ ಬೇರು ಸಿಕ್ಕಿರಲಿಲ್ಲ. ‘ಒಂದು ತಪ್ಪು ದಾರಿ ಮುಚ್ಚಿದ್ದೀವಿ’ ಎಂದರು ಮೇಡಂ.

ಊರಿಗೆ ಬಂದು ಯಜಮಾನರ ಜಗಲಿ ಹತ್ತಿದೆ. ಮೊಮ್ಮಗಳು ಅವರ ಕಾಲ ಬಳಿ ಆಡುತ್ತಿದ್ದಳು. ಎಲ್ಲ ಕೇಳಿ, ‘ಹಂಗಾರೆ ಇವಳು ತಡದಿಂದ ಉಳಿದಿದ್ದಲ್ವಾ?’ ಎಂದರು.

‘ಅಲ್ಲ ಯಜಮಾನ್ರೇ.’

‘ಮತ್ತೆ?’

‘ಗೊತ್ತಿಲ್ಲ.’

ಅವರು ಸೊಸೆಯನ್ನು ಕರೆದು ಕಾಫಿ ತರಲು ಹೇಳಿದರು.

ಆ ವಾರವೇ ಹುಳಿಯಾರಿನ ಬಸ್ಸು ಹತ್ತಿದೆ. ಇಳಿದು, ಕೇಳಿಕೊಂಡು, ಜಾಲಿಯ ನಡುವಿನ ದಾರಿಯಲ್ಲಿ ಹಟ್ಟಿ ಸೇರಿದಾಗ ಬಿಸಿಲು ಏರಿತ್ತು. ಅವಳು ಕುರಿದೊಡ್ಡಿಯ ಹತ್ತಿರ ಕೂತು ಆಮೇಲೆ ಹುಟ್ಟಿದ ಹೆಣ್ಣು ಕೂಸಿಗೆ ಒಳಲೆಯಲ್ಲಿ ಮೇಕೆ ಹಾಲು ಕುಡಿಸುತ್ತಿದ್ದಳು. ನನ್ನನ್ನು ಗುರುತಿಸಿ ಎದ್ದು ನಿಂತಳು. ಕೂಸು ಎಷ್ಟು ತಿಂಗಳದ್ದು, ಎದೆಹಾಲು ಯಾಕಿಲ್ಲ ಎಂದು ಕೇಳಿದೆ.

‘ಆವತ್ತಿಂದ ಯಾರೂ ಕುಡ್ಸಾಕೆ ಬುಡ್ನಿಲ್ಲ. ನಂಗೂ ಧೈರ್ಯ ಬರ್ನಿಲ್ಲ’ ಎಂದಳು.

‘ನಿನ್ನ ಹಾಲು ಕೆಟ್ಟಿರಲಿಲ್ಲ ಕಣಮ್ಮ’ ಎಂದೆ. ‘ಈಗ ಗೊತ್ತಾಗಿದೆ. ಹಾಲು ತಡವಾಗಿ ಕೊಟ್ಟ ಕೂಸುಗಳಿಗೂ ಅದೇ ಕಾಯಿಲೆ ಅಷ್ಟೇ ಬಂತು. ಹಾಲು ಬೇಗ ಕೊಟ್ಟಿದ್ದಕ್ಕೆ ಬಂದಿದ್ದಲ್ಲ. ನಿನ್ನಿಂದ ಆಗಿದ್ದಲ್ಲ.’

ಅವಳು ಒಳಲೆ ಕೆಳಗಿಟ್ಟಳು. ಗುಡಿಸಲ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು: ‘ಅತ್ತೇ, ಈಚೆ ಬಾ! ಡಾಕ್ಟ್ರವ್ವ ಬಂದವ್ರೆ!’

ಮುದುಕಿ ಬಂದಳು. ಅವಳ ಹಿಂದೆ ಪಕ್ಕದ ಗುಡಿಸಲಿನ ಇಬ್ಬರು ಹೆಂಗಸರು ಬಂದರು.

‘ಈಗೇಳಿದ್ರಲ್ಲ, ಅದ್ನ ಇನ್ನೊಂದ್ಸಲ ಹೇಳಿ’ ಎಂದಳು ನನಗೆ.

ಹೇಳಿದೆ. ದೊಡ್ಡಿಯ ಆಚೆಯಿಂದ ಅವಳ ಗಂಡ ಬರುತ್ತಿರುವುದು ಕಂಡಿತು. ಅವನು ಹತ್ತಿರ ಬರುವವರೆಗೂ ಅವಳು ನನ್ನ ಕೈ ಹಿಡಿದು ನಿಲ್ಲಿಸಿಕೊಂಡಳು.

‘ಇವನಿಗೂ ಹೇಳಿ.’